ಅಳದವರು ಮೊದಲು

ಆ ಆರೋಗ್ಯ ಕೇಂದ್ರದಲ್ಲಿ ಮೂವರು ನರ್ಸುಗಳಿದ್ದರು. ಇಂಜೆಕ್ಷನ್ ಕೊಡುವವಳು ಸೂಜಿ ಸಿಸ್ಟರ್, ಹೆಸರು ಬರೆದುಕೊಳ್ಳುವವಳು ಚೀಟಿ ಸಿಸ್ಟರ್, ಮೂರನೆಯವಳು ಕೈ ಸಿಸ್ಟರ್. ಮೊದಲಿಬ್ಬರಿಗೆ ಆ ಹೆಸರು ಯಾಕೆ ಬಂತು ಅಂತ ಯಾರೂ ಕೇಳುವುದಿಲ್ಲ. ಮೂರನೆಯವಳದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ಅಲ್ಲಿಂದ ಮಕ್ಕಳ ದೊಡ್ಡಾಸ್ಪತ್ರೆಗೆ ಬಸ್ಸಿನಲ್ಲಿ ಒಂಬತ್ತು ಗಂಟೆ ದಾರಿ, ಅದೂ ಬಸ್ಸು ಮನಸ್ಸು ಮಾಡಿದರೆ. ಹಾಗಾಗಿ ಆರು ವರ್ಷದ ಹಿಂದೆ ಕೇಂದ್ರದ ಹಿಂಬದಿಯ ಕೋಣೆಗೆ ಒಂದು ಪರದೆ ಬಂತು. ಉದ್ಘಾಟನೆಗೆ ಅಧಿಕಾರಿಗಳು ನಾಲ್ಕು ಕಾರುಗಳಲ್ಲಿ ಬಂದರು, ಟೇಪು ಕತ್ತರಿಸಿದರು, ಇನ್ನು ಮೇಲೆ ದೂರ ಎನ್ನುವುದೇ ಇಲ್ಲ ಎಂದು ಭಾಷಣ ಮಾಡಿದರು, ಆಮೇಲೆ ದೂರ ಹೋದರು. ಕೋಣೆಯಲ್ಲಿದ್ದದ್ದು ಒಂದೇ ಪ್ಲಗ್ ಪಾಯಿಂಟು. ಪರದೆ ಹಾಕಿದರೆ ಫ್ಯಾನಿಲ್ಲ, ಫ್ಯಾನು ಹಾಕಿದರೆ ಡಾಕ್ಟರಿಲ್ಲ. ಅದನ್ನು ಸರಿಮಾಡಿಸಲು ಎಂಟು ತಿಂಗಳು ಹಿಡಿಯಿತು.

ಮಂಗಳವಾರ ಮತ್ತು ಶುಕ್ರವಾರ, ಹತ್ತರಿಂದ ಒಂದು ಗಂಟೆಯವರೆಗೆ, ಪರದೆಯ ಮೇಲೆ ಮಕ್ಕಳ ತಜ್ಞೆಯೊಬ್ಬರು ಕಾಣಿಸಿಕೊಳ್ಳುತ್ತಿದ್ದರು. ಐವತ್ತು ದಾಟಿದ ಹೆಂಗಸು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮೇಜಿನ ಮೇಲೆಲ್ಲ ಹುಡುಕುವ ಪೈಕಿ. ಜನ ಅವರನ್ನು ಪರದೆ ಡಾಕ್ಟರು ಅಂತ ಕರೆದರು. ಕ್ಯಾಮೆರಾದಲ್ಲಿ ಅವರು ಮಗುವಿನ ಗಂಟಲು ನೋಡಬಲ್ಲರು, ಕಿವಿಯ ಒಳಗೆ ಇಣುಕಬಲ್ಲರು. ಮಗುವಿನ ಎದೆಗೆ ಇಟ್ಟ ಸ್ಟೆತಾಸ್ಕೋಪಿನ ಸದ್ದು ನೇರ ಅವರ ಕಿವಿಗೆ ಹೋಗುತ್ತದೆ. ಆದರೆ ಮುಟ್ಟುವುದನ್ನು ಯಾವ ತಂತಿಯೂ ಒಯ್ಯುವುದಿಲ್ಲ. ಹೊಟ್ಟೆ ಮೆತ್ತಗಿದೆಯೇ, ನೆತ್ತಿ ಗುಳಿ ಬಿದ್ದಿದೆಯೇ, ಪಾದ ತಣ್ಣಗಿದೆಯೇ, ಇದನ್ನೆಲ್ಲ ಹೇಳಲು ಈ ಕಡೆ ಎರಡು ಕೈ ಬೇಕು. ಆ ಕೈಗಳು ಇವಳವು.

ಮೊದಲ ವಾರ ಇಬ್ಬರಿಗೂ ಹೊಂದಿಕೆಯಾಗಲಿಲ್ಲ.

“ಹೊಟ್ಟೆ ಬಲಗಡೆ ಏನೋ ಗಟ್ಟಿಯಾಗಿದೆ ಮೇಡಂ.”

“ಎಷ್ಟು ಗಟ್ಟಿ?”

“ಸುಮಾರಾಗಿ.”

“ಸುಮಾರಾಗಿ ಅಂದ್ರೆ ನಾನೇನಂತ ಬರ್ಕೊಳ್ಳಲಿ ಸಿಸ್ಟರ್? ಒಂದು ಕೆಲಸ ಮಾಡಿ. ನಿಮ್ಮ ತುಟಿ ಮುಟ್ಕೊಳ್ಳಿ. ಈಗ ಮೂಗಿನ ತುದಿ. ಈಗ ಹಣೆ. ಈ ಮೂರರಲ್ಲಿ ಯಾವ ಥರ ಇದೆ ಹೇಳಿ.”

ಅಂದಿನಿಂದ ತುಟಿ, ಮೂಗು, ಹಣೆ ಅವರಿಬ್ಬರ ಭಾಷೆಯಾಯಿತು. ಪಿತ್ತಜನಕಾಂಗ ತುಟಿಯಂತಿದ್ದರೆ ಚಿಂತೆಯಿಲ್ಲ, ಮೂಗಿನ ತುದಿಯಂತಿದ್ದರೆ ತಡಮಾಡುವಂತಿಲ್ಲ, ಹಣೆಯಂತಿದ್ದರೆ ಇನ್ನೂ ಕಷ್ಟ. ಮೂಗು, ಹಣೆ ಎರಡಕ್ಕೂ ಡಾಕ್ಟರು ಕನ್ನಡಕ ಕೆಳಗಿಳಿಸುತ್ತಿದ್ದರು. ಮಗು ತೋರಿಸಲು ಬಂದ ಅಜ್ಜಿಯರು, ನರ್ಸಮ್ಮ ಒಂದು ಕೈ ಮಗುವಿನ ಹೊಟ್ಟೆಯ ಮೇಲಿಟ್ಟು ಇನ್ನೊಂದು ಕೈಯಲ್ಲಿ ತನ್ನ ಮೂಗು ಹಿಡಿದುಕೊಳ್ಳುವುದನ್ನು ನೋಡಿ, ಇದ್ಯಾವ ಸೀಮೆಯ ವೈದ್ಯ ಅಂತ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಅವಳ ಕೈ ಆಳಿಗೆ ಮೀರಿದ ದೊಡ್ಡ ಕೈ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅದನ್ನೇ ಹಿಡಿದು ಆಡಿದ್ದರು: “ನಮ್ಮವನ ಚಪ್ಪಲಿಗಿಂತ ಇವಳ ಅಂಗೈ ಅಗಲ.” ಅವರ ಮಗ, ಇವಳ ಗಂಡ, ಊರಿನ ನೀರು ಸರಬರಾಜಿನಲ್ಲಿ ಪಂಪು ನೋಡಿಕೊಳ್ಳುವವನು, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅತ್ತೆಯೇ ಆಡಿ ಮುಗಿಸುತ್ತಿದ್ದರು. ಆದರೆ ಮೊಮ್ಮಗಳು ಹುಟ್ಟಿದ ಮೇಲೆ ಆ ಅಂಗೈ ಮೇಲೆ ಕೂಸು ತಲೆಯಿಂದ ಸೊಂಟದವರೆಗೆ ಹಾಯಾಗಿ ಮಲಗಿದ್ದನ್ನು ನೋಡಿ ಅತ್ತೆ ಚಪ್ಪಲಿಯ ಮಾತು ಬಿಟ್ಟರು.

ಮುಟ್ಟುವ ಮೊದಲು ಅವಳು ಎರಡೂ ಅಂಗೈಗಳನ್ನು ಗಸಗಸ ಉಜ್ಜಿಕೊಳ್ಳುತ್ತಿದ್ದಳು. ತರಬೇತಿಯ ಕಾಲದಲ್ಲಿ ಮುದುಕಿ ಮೇಟ್ರನ್ ಒಬ್ಬರು ಕಲಿಸಿದ್ದು: “ತಣ್ಣನೆ ಕೈ ಇಟ್ರೆ ಮಗು ಹೊಟ್ಟೆ ಬಿಗಿ ಮಾಡುತ್ತೆ. ಆಮೇಲೆ ನಿನಗೆ ಹೊಟ್ಟೆ ಸಿಗಲ್ಲ, ಹಲಗೆ ಸಿಗುತ್ತೆ.” ಇಪ್ಪತ್ತು ವರ್ಷದಲ್ಲಿ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಅಂಗಡಿಯಲ್ಲಿ ಬದನೆಕಾಯಿ ಆರಿಸುವ ಮೊದಲೂ ಉಜ್ಜಿಕೊಳ್ಳುತ್ತಿದ್ದಳು.

ಇನ್ನು ಬೆಂಚಿನ ವಿಷಯ. ಪರದೆಯ ಕೋಣೆಯ ಹೊರಗೆ ಓಣಿಯಂಥ ಜಾಗದಲ್ಲಿ ಒಂದು ಉದ್ದನೆಯ ಬೆಂಚು. ಊರಿನ ಬಡಗಿ ಮಾಡಿಕೊಟ್ಟದ್ದು, ಹನ್ನೆರಡು ತಾಯಂದಿರು ಕೂರಬಹುದು. ಒಂದು ಮಗು ಅತ್ತರೆ ಪಕ್ಕದ್ದೂ ಅಳುತ್ತದೆ. ಆಮೇಲೆ ಇಡೀ ಬೆಂಚಿಗೆ ಬೆಂಚೇ ರಾಗ ತೆಗೆಯುತ್ತದೆ. ಒಳಗೆ ಡಾಕ್ಟರು, “ಸಿಸ್ಟರ್, ನನಗೆ ಎದೆ ಬಡಿತ ಕೇಳ್ತಾ ಇಲ್ಲ, ಸಂತೆ ಕೇಳ್ತಾ ಇದೆ,” ಅನ್ನುತ್ತಿದ್ದರು. ಅದಕ್ಕೆ ಕೈ ಸಿಸ್ಟರ್ ತಾನೇ ಒಂದು ನಿಯಮ ಮಾಡಿದಳು. ರಟ್ಟಿನ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದಳು: ಅಳುವ ಮಕ್ಕಳು ಮೊದಲು. ಅಳುವವರು ಬೇಗ ಮುಗಿಸಿಕೊಂಡು ಹೋದರೆ ಉಳಿದವರಿಗೆ ನೆಮ್ಮದಿ. ನಿಯಮ ಎಷ್ಟು ಚೆನ್ನಾಗಿ ನಡೆಯಿತೆಂದರೆ ಬೇರೆ ಕೇಂದ್ರದವರೂ ಬಂದು ಬರೆದುಕೊಂಡು ಹೋದರು. ಹಾಗಂತ ತಾಯಂದಿರೇನು ಕಮ್ಮಿಯೇ? ಹೊಲಿಗೆ ಮಷೀನು ಬಿಟ್ಟು ಬಂದವಳು, ಒಲೆ ಮೇಲೆ ಏನೋ ಇಟ್ಟು ಬಂದವಳು, ಸೆರಗಿನ ಮರೆಯಲ್ಲಿ ಮಗುವಿನ ತೊಡೆ ಚಿವುಟಿ ಅಳಿಸಿ ಒಳಗೆ ನುಗ್ಗುತ್ತಿದ್ದರು. ಕೈ ಸಿಸ್ಟರಿಗೆ ಗೊತ್ತಿತ್ತು. ನಕ್ಕು ಸುಮ್ಮನಾಗುತ್ತಿದ್ದಳು.

ಚಿವುಟದೆ ಕೂತವಳು ಬಡಗಿಯ ಹೆಂಡತಿ.

ಅದೊಂದು ಮಂಗಳವಾರ. ಕೇಂದ್ರದ ಡಾಕ್ಟರು ಆ ವಾರ ತರಬೇತಿಗೆ ಹೋಗಿದ್ದರು. ಬಡಗಿಯ ಹೆಂಡತಿ ಒಂಬತ್ತೂವರೆಗೇ ಬಂದು ಗಂಡ ಮಾಡಿದ ಬೆಂಚಿನ ತುದಿಯಲ್ಲಿ ಕೂತಳು. ತೊಡೆಯ ಮೇಲೆ ಏಳು ತಿಂಗಳ ಹೆಣ್ಣುಮಗು. ಎರಡು ದಿನದಿಂದ ವಾಂತಿ ಭೇದಿ. ಮಗು ಅಳಲಿಲ್ಲ. ಹತ್ತೂವರೆ, ಹನ್ನೊಂದೂವರೆ, ಹನ್ನೆರಡು ಆದರೂ ಅಳಲಿಲ್ಲ. ಅಳುವವರು ಬಂದರು, ಮುಂದೆ ಹೋದರು, ಮನೆಗೂ ಹೋದರು. ನಡುವೆ ಒಂದು ಸಲ ಕೈ ಸಿಸ್ಟರ್ ಹೊರಗೆ ಬಂದು, ಅಂಗೈ ಉಜ್ಜಿಕೊಂಡು, ಮಗುವಿನ ಹಣೆ ಮುಟ್ಟಿ ನೋಡಿದಳು.

“ಜ್ವರ ಇಲ್ಲ ಕಣಮ್ಮ. ಎಷ್ಟು ಒಳ್ಳೆ ಮಗು ನಿಂದು, ಗಲಾಟೆನೇ ಇಲ್ಲ.”

ಈ ಮಾತನ್ನು ಅವಳು ಹೇಳಿದ್ದಳು. ಇದೇ ಬಾಯಲ್ಲಿ ಹೇಳಿದ್ದಳು.

ಪರದೆಯ ಹೊತ್ತು ಮುಗಿಯಲು ಮುಕ್ಕಾಲು ಗಂಟೆ ಬಾಕಿಯಿರುವಾಗ ಬಡಗಿಯ ಹೆಂಡತಿಗೆ ಕರೆ ಬರಬೇಕಿತ್ತು. ಅಷ್ಟರಲ್ಲಿ ಪರದೆ ಡಾಕ್ಟರಿಗೆ ಅವರ ವಾರ್ಡಿನಿಂದ ತುರ್ತು ಕರೆ ಬಂದು ಅವರು ಎದ್ದುಹೋದರು. ಪರದೆ ಕಪ್ಪಾಯಿತು. ಕೈ ಸಿಸ್ಟರ್ ನೀರಿಗೆ ಕಲಸಿ ಕುಡಿಸುವ ಪುಡಿಯ ನಾಲ್ಕು ಪೊಟ್ಟಣ ಕೊಟ್ಟು, “ಶುಕ್ರವಾರ ಬಾ. ಮೊದಲನೇ ನಂಬರು ನಿಂದೇ,” ಅಂದಳು. ಮಗು ಕುಡಿಯುತ್ತದೆಯೇ ಎಂದು ಒಂದು ಚಮಚ ಕುಡಿಸಿ ನೋಡಲಿಲ್ಲ. ಕೈತುಂಬ ಅಷ್ಟು ಕೆಲಸವಿತ್ತು. ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಮಗು ಮನೆಯಲ್ಲೇ ತೀರಿಕೊಂಡಿತು.

ಅಳಲು ತ್ರಾಣವಿಲ್ಲದ ಮಗುವೇ ಎಲ್ಲರಿಗಿಂತ ಹೆಚ್ಚು ಕಾಯಿಲೆಯ ಮಗು. ಇದು ಅವಳು ಮೊದಲನೇ ವರ್ಷ ಓದಿ ಪರೀಕ್ಷೆಯಲ್ಲಿ ಬರೆದು ನಂಬರು ತೆಗೆದ ಪಾಠ. ಗೊತ್ತಿಲ್ಲದೆ ತಪ್ಪಿದ್ದರೆ ಒಂದು ಲೆಕ್ಕ. ಗೊತ್ತಿದ್ದೂ, ತನ್ನ ಕೈಯಾರೆ ಬರೆದ ರಟ್ಟಿನ ಕೆಳಗೆ, ಮೂರು ಗಂಟೆ ಕಾಲ ಆ ಮಗುವನ್ನು ದಾಟಿ ದಾಟಿ ಓಡಾಡಿದ್ದಳು.

ವಿಚಾರಣೆಗೆ ಒಬ್ಬರು ಬಂದರು, ರಟ್ಟು ನೋಡಿದರು, ನಿಯಮದ ಪ್ರಕಾರ ಲೋಪವಿಲ್ಲ ಎಂದು ಬರೆದು ಚಹಾ ಕುಡಿದು ಹೋದರು. ಪರದೆ ಡಾಕ್ಟರು ಮಾತ್ರ ಸುತ್ತಿ ಬಳಸಲಿಲ್ಲ. “ತಪ್ಪಾಯ್ತು ಸಿಸ್ಟರ್. ನಿಮ್ಮದೂ, ನನ್ನದೂ. ಎಷ್ಟೋ ಸಲ ಆ ರಟ್ಟಿನ ವಿಷಯ ನೀವು ಹೇಳಿದೀರಿ, ನಾನು ನಕ್ಕು ಸುಮ್ಮನಾದೆ,” ಅಂದರು. ಅವಳು, “ಹೂಂ ಮೇಡಂ,” ಅಂದಳು. ಆಮೇಲೆ ಮುಂದಿನ ಮಗುವಿನ ತೂಕ ಹೇಳಿದಳು.

ಅತ್ತೆ ಅವಳು ಅಳುತ್ತಾಳೆ ಅಂತ ಕಾದರು. ಅವಳು ಅಳಲಿಲ್ಲ. ಊಟ ಬಿಡಲಿಲ್ಲ, ರಜೆ ಹಾಕಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಅದನ್ನೇ ಕಲಸಿಕೊಂಡು ಉಂಡಳು. ಅತ್ತೆ ಒಂದು ತುತ್ತಿಗೆ ಮುಖ ಹಿಂಡಿ, “ಇದು ಸಾರೋ, ಸಮುದ್ರವೋ?” ಅಂದರೆ, “ಚೆನ್ನಾಗಿದೆಯಲ್ಲ ಅತ್ತೆ,” ಅಂದಳು. ಮಾರನೇ ದಿನದಿಂದ ಅತ್ತೆ ಅಡಿಗೆಮನೆ ತಮ್ಮ ಕೈಗೆ ತೆಗೆದುಕೊಂಡರು, ಬೈಯಲಿಲ್ಲ. ಸಂಜೆ ಮಗಳಿಗೆ ಜಡೆ ಹಾಕಲು ಕೂತರೆ, ಮಗಳು ಕತ್ತು ಕುಗ್ಗಿಸಿ ಮುಂದೆ ಸರಿಯುತ್ತಿದ್ದಳು. “ನೆಟ್ಟಗೆ ಕೂತ್ಕೋ,” ಎಂದು ಮಾತ್ರ ಇವಳು ಹೇಳುತ್ತಿದ್ದಳು. ಅವಳಿಗೆ ದುಃಖವಾಗುತ್ತಿರಲಿಲ್ಲ. ಏನೂ ಆಗುತ್ತಿರಲಿಲ್ಲ. ಮರಗಟ್ಟಿದ ಕಾಲಿನ ಮೇಲೆ ಯಾರೋ ಕೂತಿದ್ದಾರೆ ಎಂದು ಕಣ್ಣಿಗೆ ಕಾಣುತ್ತದೆ, ಭಾರ ಮಾತ್ರ ತಿಳಿಯುವುದಿಲ್ಲವಲ್ಲ, ಹಾಗಿತ್ತು.

ರಟ್ಟು ಬದಲಾಯಿತು. ಅಳದವರು ಮೊದಲು. ಈಗ ಅವಳು ಒಂಬತ್ತೂಮುಕ್ಕಾಲಿಗೆ ಬೆಂಚಿನ ಉದ್ದಕ್ಕೂ ನಡೆದು ಒಂದೊಂದು ಮಗುವಿನ ಅಂಗಾಲಿಗೂ ಬೆರಳಿನಿಂದ ಟಕ್ಕೆಂದು ತಟ್ಟುತ್ತಿದ್ದಳು. ಕಾಲು ಎಳೆದುಕೊಂಡು ಕಿರುಚಿದವರು ಕಾಯಬೇಕು. ಎಳೆದುಕೊಳ್ಳದವರು ಒಳಗೆ. ತಾಯಂದಿರು ಇದಕ್ಕೂ ದಾರಿ ಕಂಡುಕೊಂಡರು. ಚಿವುಟುತ್ತಿದ್ದವರೇ ಈಗ ಹಾಲೂಡಿಸಿ, ಜೋಲಿ ತೂಗಿ, ಬಾಯಿಗೆ ಬಟ್ಟೆ ಚೀಪಲು ಕೊಟ್ಟು, ಮಗುವನ್ನು ಗೊಂಬೆಯಂತೆ ಮಲಗಿಸಿಕೊಂಡು ಬರತೊಡಗಿದರು. ಅಂಗಾಲು ತಟ್ಟಿದೊಡನೆ ಅವರ ಬಣ್ಣ ಬಯಲಾಗುತ್ತಿತ್ತು. ಮೊದಲಾಗಿದ್ದರೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಈಗ ಪಟ್ಟಿಯಲ್ಲಿ ಗೀಟೆಳೆದು ಮುಂದೆ ಹೋಗುತ್ತಿದ್ದಳು.

ಒಂದೇ ಒಂದು ತೊಡಕು. “ಸಿಸ್ಟರ್, ಇತ್ತೀಚೆಗೆ ನೀವು ಮುಟ್ಟಿದ್ರೆ ಮಕ್ಕಳೆಲ್ಲ ಹೊಟ್ಟೆ ಬಿಗಿ ಮಾಡ್ತಾವೆ. ಮೊದಲು ಹೀಗಿರಲಿಲ್ಲ. ಯಾಕೆ?” ಎಂದು ಪರದೆ ಡಾಕ್ಟರು ಎರಡು ಮೂರು ಸಲ ಕೇಳಿದರು.

“ಗೊತ್ತಿಲ್ಲ ಮೇಡಂ.” ನಿಜವಾಗಿಯೂ ಗೊತ್ತಿರಲಿಲ್ಲ.

ಹೀಗೆ ಒಂದೂವರೆ ವರ್ಷ ಕಳೆಯಿತು. ಮತ್ತೊಂದು ಮಂಗಳವಾರ ಬೆಂಚಿನ ಅದೇ ತುದಿಯಲ್ಲಿ ಬಡಗಿಯ ಹೆಂಡತಿ ಕೂತಿದ್ದಳು. ತೊಡೆಯ ಮೇಲೆ ಮೂರು ತಿಂಗಳ ಗಂಡುಮಗು. ಕೈ ಸಿಸ್ಟರ್ ತಟ್ಟುತ್ತಾ ತಟ್ಟುತ್ತಾ ಬಂದು, ಆ ತುದಿಗೆ ಬಂದಾಗ ಬಗ್ಗಿದವಳು ಹಾಗೇ ನಿಂತಳು. ಬಡಗಿಯ ಹೆಂಡತಿ ಮಗುವಿನ ಎರಡೂ ಪಾದಗಳನ್ನು ತನ್ನ ಮುಷ್ಟಿಯೊಳಗೆ ಮುಚ್ಚಿಕೊಂಡಳು.

“ನೀವು ಮುಟ್ಟಬೇಡಿ,” ಅಂದಳು. ದನಿ ಏರಿಸಲಿಲ್ಲ.

“ಆಯ್ತು. ನೀವೇ ಮೊದಲು ಒಳಗೆ ಬನ್ನಿ.”

ಹೋದ ಸಲ ನೀನು ಅಂದವಳನ್ನು ಈ ಸಲ ನೀವು ಅಂದಿದ್ದಳು. ಇಬ್ಬರೂ ಅದನ್ನು ಗಮನಿಸಿದರು.

ತಾಯಿ ಪರದೆಯ ಎದುರು ಕೂತು ಹೇಳಿದಳು: ಹಾಲು ಕುಡಿಯುವಾಗ ಮಗು ತಲೆಯೆಲ್ಲ ಬೆವರುತ್ತದೆ, ಎರಡು ಗುಟುಕಿಗೆ ಸುಸ್ತಾಗಿ ಬಿಡುತ್ತದೆ, ಉಸಿರು ಓಡುತ್ತದೆ, ತಿಂಗಳಿಂದ ತೂಕ ಏರಿಲ್ಲ. ಪರದೆ ಡಾಕ್ಟರು ಸ್ಟೆತಾಸ್ಕೋಪು ಇಡಲು ಹೇಳಿದರು. ಎಲ್ಲಿಡಬೇಕೆಂದು ಕೈ ಸಿಸ್ಟರ್ ದೂರದಿಂದ ಬೆರಳು ತೋರಿಸಿದಳು, ತಾಯಿ ಇಟ್ಟಳು. ಡಾಕ್ಟರು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು.

“ಹೃದಯದಲ್ಲಿ ಒಂದು ಸದ್ದಿದೆ ಅಮ್ಮ. ತೂತು ಇರಬಹುದು. ತುಂಬ ಮಕ್ಕಳಿಗೆ ಇರುತ್ತೆ, ಎಲ್ಲರಿಗೂ ಅವಸರ ಇರಲ್ಲ. ಕೆಲವರಿಗೆ ಹೃದಯ ಸೋತು ಹೋಗ್ತಾ ಇರುತ್ತೆ, ಅವರನ್ನ ಅವತ್ತೇ ಕರೆಸಿಕೊಳ್ಳಬೇಕು. ನಿಮ್ಮ ಮಗು ಯಾವುದು ಅಂತ ಹೊಟ್ಟೆ ಮುಟ್ಟಿದ್ರೆ ಗೊತ್ತಾಗುತ್ತೆ. ಸೋಲ್ತಾ ಇದ್ರೆ ಪಿತ್ತಜನಕಾಂಗ ಊದಿಕೊಂಡು ಕೆಳಗೆ ಇಳಿದಿರುತ್ತೆ. ಇಲ್ಲಿ ಇರೋದು ಒಂದೇ ಆಂಬುಲೆನ್ಸ್, ಆ ಕಡೆ ಹೆರಿಗೆ ನೋವಿನ ಹೆಂಗಸೊಬ್ಬಳು ಕಾಯ್ತಾ ಇದಾಳೆ ಅಂತ ಈಗಷ್ಟೇ ಹೇಳಿದ್ರು. ಸುಮ್ಮನೆ ಕಳಿಸೋ ಹಾಗಿಲ್ಲ. ಸಿಸ್ಟರ್, ನೋಡಿ.”

“ಅವರು ಬೇಡ,” ಅಂದಳು ತಾಯಿ. “ನಾನೇ ಮುಟ್ತೀನಿ.”

ಡಾಕ್ಟರಿಗೆ ಆಗ ಅರ್ಥವಾಯಿತು ಎದುರು ಕೂತವಳು ಯಾರೆಂದು. ಅವರು ಒತ್ತಾಯ ಮಾಡಲಿಲ್ಲ. ಬೆರಳು ಹೇಗಿಡಬೇಕು, ಸೊಂಟದ ಕಡೆಯಿಂದ ಪಕ್ಕೆಲುಬಿನ ಕಡೆಗೆ ಹೇಗೆ ಮೆಲ್ಲಗೆ ಏರಬೇಕು, ಒಂದೊಂದೇ ಹೇಳಿದರು. ತಾಯಿ ಮಾಡಿದಳು. ಮತ್ತೆ ಮಾಡಿದಳು. ಕೈ ಸಿಸ್ಟರ್ ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ತಾಯಿಯ ಬೆರಳು ಒಂದಂಗುಲ ಮೇಲೆ ಹೋಗುತ್ತಿದೆ ಎಂದು ಅವಳಿಗೆ ಅಲ್ಲಿಂದಲೇ ಕಾಣುತ್ತಿತ್ತು. ಹೇಳಿದಳು. ಆದರೂ ಆಗಲಿಲ್ಲ.

“ನನಗೆ ಗೊತ್ತಾಗ್ತಾ ಇಲ್ಲ,” ಅಂದಳು ತಾಯಿ ಕೊನೆಗೆ. “ಎಲ್ಲಾ ಒಂದೇ ಥರ ಇದೆ. ಇವನು ನನ್ನ ಮಗು, ನನಗೇ ಗೊತ್ತಾಗ್ತಾ ಇಲ್ಲ.”

“ಅಮ್ಮ,” ಅಂದರು ಡಾಕ್ಟರು, “ನನಗೆ ಅಲ್ಲಿ ಅವರ ಕೈ ಬಿಟ್ಟು ಬೇರೆ ಕೈ ಇಲ್ಲ.”

ಮಗು ಅಳುತ್ತಿರಲಿಲ್ಲ, ಉಸಿರಾಡುವುದರಲ್ಲೇ ಮುಳುಗಿತ್ತು. ಪಕ್ಕೆಗಳ ನಡುವಿನ ಚರ್ಮ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ತಾಯಿ ಅದನ್ನೇ ನೋಡುತ್ತಾ ಕೂತಿದ್ದಳು.

“ಬನ್ನಿ,” ಅಂದಳು, ತಲೆ ಎತ್ತದೆ.

ಕೈ ಸಿಸ್ಟರ್ ಜೇಬಿನಿಂದ ಕೈ ತೆಗೆದು ಮಗುವಿನ ಹೊಟ್ಟೆಯ ಮೇಲಿಟ್ಟಳು. ಮಗು ಬೆಚ್ಚಿ ಮೊಣಕಾಲು ಮಡಚಿಕೊಂಡಿತು. ಹೊಟ್ಟೆ ಬಿಗಿದು ಹಲಗೆಯಾಯಿತು. ಎರಡನೇ ಸಲವೂ ಹಲಗೆ. ತಾಯಿ ಅವಳ ಮಣಿಕಟ್ಟು ಹಿಡಿದು ಕೈಯನ್ನು ಮಗುವಿನ ಮೇಲಿಂದ ಎತ್ತಿದಳು. ಮುಗಿಯಿತು, ಇವಳು ಎದ್ದು ಹೋಗುತ್ತಾಳೆ ಎಂದುಕೊಂಡಳು ಕೈ ಸಿಸ್ಟರ್.

ತಾಯಿ ಎದ್ದು ಹೋಗಲಿಲ್ಲ. ಆ ದೊಡ್ಡ ಕೈಯನ್ನು ಬಿಡಲೂ ಇಲ್ಲ.

“ಆವತ್ತು ನೀವು ಕೈ ಉಜ್ಜಿಕೊಂಡು ಅವಳನ್ನ ಮುಟ್ಟಿದ್ರಿ. ಅವಳು ಕಣ್ಣು ಬಿಟ್ಟು ನಿಮ್ಮನ್ನ ನೋಡಿದ್ಲು. ಅದೇ ಕೊನೆ. ಆಮೇಲೆ ಯಾರನ್ನೂ ನೋಡ್ಲಿಲ್ಲ, ನನ್ನನ್ನೂ ನೋಡ್ಲಿಲ್ಲ.” ಹಿಡಿದ ಮಣಿಕಟ್ಟು ಬಿಟ್ಟು ಹೇಳಿದಳು, “ಇವನಿಗೂ ಉಜ್ಜಿಕೊಳ್ಳಿ.”

ಕೈ ಸಿಸ್ಟರ್ ತನ್ನ ಅಂಗೈಗಳನ್ನು ನೋಡಿಕೊಂಡಳು. ಒಂದೂವರೆ ವರ್ಷ. ಯಾವತ್ತು ಬಿಟ್ಟೆನೆಂದು ನೆನಪಾಗಲಿಲ್ಲ. ಬಿಟ್ಟಿದ್ದೇ ಗೊತ್ತಿರಲಿಲ್ಲ. ಉಜ್ಜಿಕೊಂಡಳು. ಮೊದಲು ಬರೀ ಸದ್ದು ಬಂತು, ಬಿಸಿ ಬರಲಿಲ್ಲ. ಇನ್ನೂ ಉಜ್ಜಿದಳು. ಪರದೆಯ ಮೇಲೆ ಡಾಕ್ಟರು ಗಡಿಯಾರ ನೋಡದೆ ಕಾದರು. ಅಂಗೈ ಉರಿಯಲು ಶುರುವಾದಾಗ ಮಗುವಿನ ಹೊಟ್ಟೆಯ ಮೇಲಿಟ್ಟಳು. ಮಗು ಬೆಚ್ಚಲಿಲ್ಲ. ಹೊಟ್ಟೆ ಬಿಗಿ ಸಡಿಲಿಸಿತು. ಸೊಂಟದ ಕಡೆಯಿಂದ ಮೆಲ್ಲಗೆ ಮೇಲೇರಿದಳು. ಮಗು ಉಸಿರೆಳೆದಾಗ ಒಂದು ಅಂಚು ತಾನಾಗಿ ಬಂದು ಅವಳ ಬೆರಳಿಗೆ ತಾಕಿತು.

“ಸಿಕ್ತು ಮೇಡಂ. ಪಕ್ಕೆಲುಬಿಂದ ಮೂರು ಬೆರಳು ಕೆಳಗೆ.”

“ಗಟ್ಟಿ?”

ಅವಳು ಇನ್ನೊಂದು ಕೈ ಎತ್ತಿ ತನ್ನ ಮುಖ ಮುಟ್ಟಿಕೊಂಡಳು. “ಮೂಗಿನ ತುದಿ.”

ಡಾಕ್ಟರು ಕನ್ನಡಕ ಕೆಳಗಿಳಿಸಿದರು. “ಆಂಬುಲೆನ್ಸ್‌ನಲ್ಲಿ ಆಕ್ಸಿಜನ್ ಹಾಕಿಸಿ ಕಳಿಸಿ. ಈಗಲೇ. ಔಷಧ ನಾನು ಹೇಳ್ತೀನಿ, ಬರ್ಕೊಳ್ಳಿ. ಹೆರಿಗೆಯವಳಿಗೆ ಜೀಪು ಕೇಳೋಣ.”

ಜೀಪು ಸಿಕ್ಕಿತು, ಹೆರಿಗೆಯೂ ಸುಸೂತ್ರವಾಯಿತು. ಈ ಮಗುವೂ ದೊಡ್ಡಾಸ್ಪತ್ರೆ ತಲುಪಿತು, ನಾಲ್ಕು ತಿಂಗಳ ಮೇಲೆ ಆಪರೇಷನ್ ಆಗಿ ಬದುಕಿತು. ಇದನ್ನು ಇಲ್ಲೇ ಹೇಳಿಬಿಡುವುದು ಮೇಲು. ಒಂದು ಮಗುವಿನ ಜೀವ ಹಿಡಿದುಕೊಂಡು ಕೇಳುವವರನ್ನು ಕಾಯಿಸುವುದು ಒಳ್ಳೆಯ ಬುದ್ಧಿಯಲ್ಲ. ಹೊರಡುವಾಗ ಬಡಗಿಯ ಹೆಂಡತಿ ಕ್ಷಮಿಸಿದೆ ಅನ್ನಲಿಲ್ಲ, ಆ ಥರದ್ದೇನೂ ಅನ್ನಲಿಲ್ಲ. ಫೈಲು ಇಸಿದುಕೊಂಡಳು, ಒಂದು ಸಲ ತಲೆಯಾಡಿಸಿದಳು, ಆಂಬುಲೆನ್ಸಿನ ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಇನ್ನೂ ಒಂಬತ್ತು ಮಂದಿಯಿದ್ದರು. ಕೈ ಸಿಸ್ಟರ್ ಒಳಗೆ ಬಂದು ಮುಂದಿನವರನ್ನು ಕರೆದಳು.

ಸಂಜೆ ಮನೆಯಲ್ಲಿ ಮಗಳು ಬಾಚಣಿಗೆ ಹಿಡಿದು ಬಂದು ಎದುರು ಬೆನ್ನು ಮಾಡಿ ಕೂತಳು. ಅಭ್ಯಾಸದಂತೆ ಕತ್ತು ಮೊದಲೇ ಕುಗ್ಗಿಸಿಕೊಂಡಿದ್ದಳು. ಕೈ ಸಿಸ್ಟರ್ ಅದನ್ನು ನೋಡಿದಳು. ಕೂದಲು ಮುಟ್ಟಲು ಹೋದವಳು ತಡೆದು, ಅಂಗೈ ಎರಡನ್ನೂ ಉಜ್ಜಿಕೊಂಡು, ಆಮೇಲೆ ಮಗಳ ಕತ್ತಿನ ಮೇಲಿಟ್ಟಳು. ಮಗಳ ಭುಜ ಮೆಲ್ಲಗೆ ಕೆಳಗಿಳಿಯಿತು. ಮೂರು ಎಳೆ ಮಾಡಿ ಹೆಣೆಯುತ್ತಾ ಅರ್ಧಕ್ಕೆ ಬಂದಿದ್ದಳು, ಅಷ್ಟರಲ್ಲಿ ಮಗಳು ಕತ್ತು ಒರೆಸಿಕೊಂಡು ಹಿಂದಕ್ಕೆ ತಿರುಗಿದಳು.

“ಅಜ್ಜೀ, ಅಮ್ಮ ಅಳ್ತಾ ಇದಾಳೆ.”

ಅತ್ತೆ ಅಡಿಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದರು. ಸೊಸೆ ಬಾಯಿ ತೆರೆದು, ಸದ್ದು ಮಾಡಿ, ಮಗುವಿನಂತೆ ಅಳುತ್ತಿದ್ದಳು. ಅತ್ತೆ ಅವಳ ಪಕ್ಕದಲ್ಲಿ ಕೂತು ಸೌಟನ್ನು ನೆಲದ ಮೇಲಿಟ್ಟರು.

“ಅಳಲಿ ಬಿಡು,” ಎಂದರು ಮೊಮ್ಮಗಳಿಗೆ. “ಇಷ್ಟು ದಿನ ಅಳದೆ ಇದ್ಲಲ್ಲ, ಆಗ ನನಗೆ ಹೆದರಿಕೆಯಾಗಿತ್ತು.”